ಟೈಲರ್ ಮಾಮನ ಕರೆಂಟ್ ಪಟ್ಟಿ

ಸೊಂಟಕ್ಕೆ ಕರೆಂಟಿನ ಪಟ್ಟಿ ಅಂಟಿಸಿಕೊಂಡು ಬಟ್ಟೆ ಹೊಲಿಯುವ ಟೈಲರ್ ಮಾಮನ ಮುಂದೆ ‘ಅರ್ಜೆಂಟ್’ ಅಂದಿರೋ, ಕೆಟ್ಟಿರಿ. ನೋವು ಮರೆಸಲು ಆ ಪಟ್ಟಿಗೆ ಕರೆಂಟ್ ಬಿಡುವ ಅಂಗೈಯಗಲದ ಮಿಷಿನ್ನಿನ ಪವರ್ ಒಂದು ಪಾಯಿಂಟ್ ಏರಿಸಿ, ‘ಇದು ಬೆನ್ನು ಕಣ್ರೀ, ಕಬ್ಬಿಣದ ಸಲಾಕೆಯಲ್ಲ!’ ಎಂದು ಗುಡುಗುತ್ತಾನೆ. ಆಮೇಲೆ ಸಿಟ್ಟು ಮಿಷಿನ್ನಿನ ಕಂಪನಿಯತ್ತ ತಿರುಗುತ್ತದೆ: ‘ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದ್ದು! ಊಟ ಮಾಡಿ, ಇದನ್ನ ಬಿಚ್ಚಿಟ್ಟು, ಒಂದು ಕೋಳಿನಿದ್ದೆ ತೆಗೆದು ಏಳೋದ್ರೊಳಗೆ ಅರ್ಧ ಖಾಲಿ! ಹಗಲು ದರೋಡೆ!’ ಮೂಲೆಯಲ್ಲಿ ಕೂತು ಗುಂಡಿ ಹಚ್ಚುವ ಹೆಂಡತಿ ತಲೆ ಎತ್ತುವುದಿಲ್ಲ. ಮೊನ್ನೆ ಮಧ್ಯಾಹ್ನ ಮಾಮನಿಗೆ ಬೇಗ ಎಚ್ಚರವಾಯಿತು. ಪಟ್ಟಿ ಅವಳ ಹೆಗಲ ಮೇಲಿತ್ತು. ಸದ್ದಿಲ್ಲದೆ ಗೋಡೆಯತ್ತ ಮಗ್ಗುಲಾಗಿ ಸುಳ್ಳು ಗೊರಕೆ ಹೊಡೆದ. ಸಂಜೆ ಮಾತ್ರ ಎಂದಿಗಿಂತ ಜೋರಾಗಿ, ಅವಳಿಗೆ ಕೇಳಿಸುವ ಹಾಗೆ, ಕಂಪನಿಯವರ ಜನ್ಮ ಜಾಲಾಡಿದ.