ಹಳ್ಳದ ಆಚೆ ನಿಂತ ತವರಿನ ಗಾಡಿ

ನನ್ನ ಗಂಡ ತೊಂಬತ್ತೊಂದು ವರ್ಷ ಬದುಕಿದರು. ಅರ್ಧ ಆಯುಷ್ಯ ಅಳೆಯುವುದರಲ್ಲೇ ಹೋಯಿತು. ರಸ್ತೆ, ಕಾಲುವೆ, ಕೆರೆ ಏರಿ ಅಳೆದದ್ದು ಸರಿ, ಅದು ಸರ್ಕಾರ ಕೊಟ್ಟ ಇಂಜಿನಿಯರ್ ಕೆಲಸ. ಆದರೆ ನಮ್ಮ ನಾಲ್ಕು ಮಕ್ಕಳ ತೊಟ್ಟಿಲ ಹಗ್ಗಕ್ಕೂ ಟೇಪು ಹಿಡಿದರು. ನಾನು ಸುಮ್ಮನೆ ಸಹಿಸಿಕೊಂಡೆ ಅಂದುಕೊಳ್ಳಬೇಡಿ. ಎರಡು ಟೇಪು ಒಲೆಗೆ ಹಾಕಿದ್ದೇನೆ.

ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದಿಂದ ಸೊರಬದ ಕಡೆಯ ನಮ್ಮೂರಿಗೆ ಅವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ತಿಂದು ಕೈತೊಳೆದವರೇ ಚೀಲದಿಂದ ನೆಲದ ಮಟ್ಟ ನೋಡುವ ರಸಮಟ್ಟ ತೆಗೆದು ಜಗುಲಿಯ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ಒಂದು ಕಡೆ ಓಡಿತು.

"ಮಾವನವರ, ನಿಮ್ಮ ಜಗುಲಿ ಒಳಗ ವಾಲೈತ್ರಿ. ಮಳಿ ನೀರು ನಡುಮನಿಗೆ ಬರ್ತೈತಿ."

"ಅಲ್ಲ, ಇವ್ರು ಹೆಣ್ಣು ನೋಡಕ್ಕೆ ಬಂದಿದ್ದಾ, ಜಗಲಿ ನೋಡಕ್ಕೆ ಬಂದಿದ್ದಾ?" ಎಂದು ಅಪ್ಪ ಗುಡುಗಿದರು.

ಬಾಗಿಲ ಹಿಂದಿದ್ದ ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ಕಿಸಕ್ಕೆಂದು ಹೊರಬಿತ್ತು. ಒಪ್ಪಿಗೆ ಕೇಳುವ ಮೊದಲೇ ನಾನು ಒಪ್ಪಿಬಿಟ್ಟಿದ್ದೆ. ಜಗುಲಿ ಕಟ್ಟಿಸಿದ್ದ ಅಪ್ಪ ಮಾತ್ರ ಆ ಗುಳ್ಳೆಯನ್ನು ಮರೆಯಲಿಲ್ಲ.

ಮದುವೆಯಾದ ವರ್ಷವೇ ಅವರಿಗೆ ನಮ್ಮೂರ ಹಳ್ಳಕ್ಕೆ ಸೇತುವೆ ಕಟ್ಟುವ ಕೆಲಸ ಬಂತು. ಅವರ ಮೊದಲ ಸೇತುವೆ. ಕಾಂಕ್ರೀಟು ಹಾಕುವಾಗ, ಅದು ಗಟ್ಟಿಯಾಗುವವರೆಗೆ ಹೊತ್ತು ನಿಲ್ಲಲೆಂದು, ಅಡಿಯಲ್ಲಿ ಸಾಲುಸಾಲಾಗಿ ಮರದ ಕಂಬ ಆನಿಸಿದ್ದರು. ಅಪ್ಪ ದಿನಾ ಬಂದು ಆ ಕಂಬಗಳನ್ನು ತಟ್ಟಿ, "ಭದ್ರ ಅದೆ" ಎಂದು ಮೆಚ್ಚಿ ಹೋಗುತ್ತಿದ್ದರಂತೆ. ಒಂದು ದಿನ ಬಂದು ನೋಡಿದರೆ ಕಂಬವೇ ಇಲ್ಲ!

"ಹೊತ್ತು ನಿಂತಿದ್ದ ಕಂಬನೇ ಕಿತ್ತು ಹಾಕಿದ್ರಲ್ಲ! ಇನ್ನು ಇದ್ರ ಮೇಲೆ ಕಾಲಿಟ್ಟೋನು ಕೆಟ್ಟ" ಎಂದು ಊರಿಗೆಲ್ಲ ಸಾರಿದರು. ಊರವರ ಗಾಡಿಗಳು ಸೇತುವೆಯ ಪಕ್ಕದಲ್ಲೇ, ಮೊದಲಿನ ಹಾಗೆ, ನೀರಿಗಿಳಿದು ದಾಟತೊಡಗಿದವು. ಸ್ವಂತ ಮಾವನೇ ದಾಟದ ಸೇತುವೆ ಎಂದು ಕಚೇರಿಯಲ್ಲಿ ನಗೆಪಾಟಲು. ನಮ್ಮವರು ಅನ್ನ ಕಲಸುತ್ತಾ ಕೂತುಬಿಡುತ್ತಿದ್ದರು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಕಂಬ ಕಿತ್ತ ನಾಲ್ಕೈದು ದಿನಕ್ಕೇ ನನ್ನ ಮೊದಲ ಗೌರಿ ಹಬ್ಬ ಬಂತು. ಮೊದಲ ಗೌರಿಗೆ ತವರಿನ ಗಾಡಿಯೇ ಬಂದು ಮಗಳನ್ನು ಕರೆದೊಯ್ಯಬೇಕು, ಇದು ನಮ್ಮ ಮನೆಯ ಪದ್ಧತಿ. ಹಬ್ಬ ನಾಳೆ ಎಂದರೂ ಗಾಡಿ ಬರಲಿಲ್ಲ. ನನ್ನ ಮುಖ ನೋಡಲಾರದೆ ಅವರು ನನ್ನನ್ನು ಬಸ್ಸು ಹತ್ತಿಸಿಕೊಂಡು ಶಿರಾಳಕೊಪ್ಪದ ಮೇಲೆ ಹಳ್ಳದವರೆಗೆ ಕರೆತಂದರು.

ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಅಪ್ಪ, ಗಾಡಿ, ಕೋಡಿಗೆ ಬಣ್ಣ ಬಳಿದುಕೊಂಡ ಎತ್ತುಗಳು. ನೀರಿಳಿಯಲೆಂದು ಬೆಳಗಿನಿಂದ ಕಾಯುತ್ತಿದ್ದಾರೆ! ಹತ್ತು ಮಾರು ಪಕ್ಕದಲ್ಲಿ ಹೊಸ ಸೇತುವೆ.

"ನಡದು ದಾಟೋಣ ಬಾ" ಎಂದರು ನಮ್ಮವರು.

"ಆಗಲ್ಲ ರೀ. ನನ್ನ ಅಕ್ಕಂದಿರೆಲ್ಲ ಗಾಡೀಲಿ ಹೋದವ್ರು. ನಾನೇನು ಬಿಟ್ಟಿ ಬಿದ್ದಿದೀನಾ?" ಹೊಸ ಸೊಸೆ, ಹದಿನೆಂಟು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು.

ಅವರು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ದಡದ ಕಲ್ಲು ಹಿಡಿದು ಸರಸರ ಇಳಿದು, ದಡದಂಚಿನ ಮೊಣಕಾಲುದ್ದ ನೀರಿನಲ್ಲಿ ಸೇತುವೆಯ ಅಡಿಗೆ ಹೋಗಿ ನಿಂತರು.

"ಮಾವನವರ! ಗಾಡಿ ಹೊಡೀರಿ! ಬಿದ್ರ ನನ್ನ ಮ್ಯಾಲೇ ಬೀಳ್ಲಿ!"

ಅಪ್ಪ ಅಲ್ಲಾಡಲಿಲ್ಲ. ನನಗೆ ಏನಾಯಿತೋ, ಸೀರೆ ಎತ್ತಿ ಕಟ್ಟಿ ನಾನೂ ಜಾರುತ್ತಾ ಇಳಿದೆ. ಅವರ ಪಕ್ಕ ನಿಂತು, "ಅಪ್ಪಾ, ಬರ್ತೀರೋ ಇಲ್ವೋ?" ಎಂದು ಕಿರುಚಿದೆ. ಹೆದರಿಕೆಯೂ ಆಗುತ್ತಿತ್ತು, ನಗುವೂ ಉಕ್ಕುತ್ತಿತ್ತು.

"ಅಯ್ಯೋ ಹುಚ್ಚು ಹುಡುಗಿ! ಮೇಲೆ ಹತ್ತೇ!" ಅಪ್ಪ ಗಾಡಿ ಹತ್ತಿ ಎತ್ತುಗಳನ್ನು ಸೇತುವೆಯ ಕಡೆ ತಿರುಗಿಸಿದರು. ಮಗಳನ್ನು ಅಲ್ಲಿಂದ ಮೇಲೆ ಹತ್ತಿಸಲು ಬೇರೆ ದಾರಿಯಿರಲಿಲ್ಲ. ಗೆಜ್ಜೆ ಗಲಗಲ ಎಂದಿತು, ಚಕ್ರ ನಮ್ಮ ನೆತ್ತಿಯ ಮೇಲೇ ಉರುಳಿತು, ತಲೆಗೂದಲ ಮೇಲೆ ಸಿಮೆಂಟಿನ ಪುಡಿ ಉದುರಿತು. ಅವರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎರಡು ಹಸಿರು ಬಳೆ ಒಡೆದವು.

ಸೇತುವೆ ನಿಂತಿತು. ಅಪ್ಪ ಇಬ್ಬರಿಗೂ ಹೊಟ್ಟೆ ತುಂಬ ಬೈದು, ಗಾಡಿ ಹತ್ತಿಸಿಕೊಂಡು, ಅದೇ ಸೇತುವೆಯ ಮೇಲೆ ಮನೆಗೆ ಕರೆದೊಯ್ದರು. ಹಬ್ಬ ಮುಗಿಯುವಷ್ಟರಲ್ಲಿ ಅದು "ನಮ್ಮ ಅಳಿಯಂದಿರ ಸೇತುವೆ" ಆಗಿತ್ತು. ಮರುವರ್ಷ ಜಗುಲಿಯನ್ನೂ ಕಿತ್ತು ಮಟ್ಟಸವಾಗಿ ಹಾಕಿಸಿದರು.

ಆ ಬಿಗಿಮುಷ್ಟಿಯನ್ನು ಪ್ರೀತಿಯೆಂದೇ ನಾನು ಅರವತ್ತು ವರ್ಷ ನಂಬಿದ್ದೆ. ಅವರಿಗೆ ತೊಂಬತ್ತಾದ ಮೇಲೆ ಒಂದು ಗೌರಿ ಹಬ್ಬದ ದಿನ, ಪಾಯಸ ತಿನ್ನುತ್ತಾ, ತಣ್ಣಗೆ ಹೇಳಿದರು:

"ಆ ಕಂಬ ಇನ್ನೂ ಒಂದು ವಾರ ಇರಬೇಕಿತ್ತು. ನಿನ್ನ ಹಬ್ಬಕ್ಕ ಗಾಡಿ ದಾಟಲಿ ಅಂತ ಮೊದಲೇ ಬಿಚ್ಚಿಸಿದ್ದೆ. ನಿಮ್ಮಪ್ಪ ಹೇಳಿದ್ದು ಸರಿ ಇತ್ತು."

ಸೌಟನ್ನು ಪಾತ್ರೆಗೆ ಕುಕ್ಕಿದೆ. "ಅಯ್ಯೋ ಮಹಾರಾಯರೇ! ಬಿದ್ದಿದ್ರೆ?"

"ಬಿದ್ದಿದ್ರ ಮೊದಲು ನಾನೇ ಹೋಗ್ತಿದ್ದೆ. ಅದಕ್ಕ ಕೆಳಗ ನಿಂತಿದ್ದು." ಪಾಯಸದ ಬಟ್ಟಲು ಬರಿದು ಮಾಡಿ, ಇನ್ನಷ್ಟು ಬಡಿಸೆಂದು ಮುಂದೆ ಚಾಚಿದರು. "ನೀ ಇಳದು ಬರೋದು ನನ್ನ ಲೆಕ್ಕದಾಗ ಇರ್ಲಿಲ್ಲ."