ಅತ್ತೆಯ ಎಡಗೈ

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನಮ್ಮತ್ತೆಯ ಅಂಗೈ ತೋರಿಸಲು ನಾನು ಸೊಲ್ಲಾಪುರದ ತನಕ ಅಲೆದೆ. ಎಡಗೈ ಜುಮ್ಮೆನ್ನುತ್ತದೆ ಅಂದಾಗ ಮಾದನಹಿಪ್ಪರಗಾದಲ್ಲಿ ಸೂಜಿ ಚುಚ್ಚಿದರು. ಆಳಂದದಲ್ಲಿ ಶಕ್ತಿಯ ಗುಳಿಗೆ ಕೊಟ್ಟರು. ಕಲಬುರಗಿಯ ಎಲುಬಿನ ಡಾಕ್ಟರು ತಿಂಗಳುಗಟ್ಟಲೆ ಕುತ್ತಿಗೆಗೆ ಪಟ್ಟಿ ಹಾಕಿಸಿ, ಆಮೇಲೆ "ಇದು ನರದ್ದು, ನಮ್ಮ ಕೆಲಸ ಅಲ್ಲ" ಅಂದರು. ಮೊದಲೇ ಅನ್ನಬಾರದಿತ್ತೇ? ಪ್ರತಿ ಸಲವೂ ನನ್ನ ಗಂಡ "ಹೊಲದಾಗ ರಾಶಿ ಅದ, ನೀನೇ ಕರ್ಕೊಂಡು ಹೋಗು" ಅನ್ನುತ್ತಿದ್ದ. ತೊಗರಿಯ ರಾಶಿ ವರ್ಷಪೂರ್ತಿ ನಡೆಯುತ್ತದೆಂದು ನನಗೆ ಗೊತ್ತಾಗಿದ್ದು ಆಗಲೇ.

ಸೊಲ್ಲಾಪುರದ ನರದ ಡಾಕ್ಟರು ಕುತ್ತಿಗೆಯ ಸ್ಕ್ಯಾನ್ ಬರೆದರು. ಮಧ್ಯಾಹ್ನದ ತನಕ ಕೂತ ಮೇಲೆ ನಮ್ಮ ಸರದಿ ಬಂತು. ಮಷೀನಿನ ಕೋಣೆಯವನು ಮೈಮೇಲೆ ಒಡವೆ, ದಾರ ಏನೂ ಇರಬಾರದು ಅಂದ. ಅತ್ತೆ ಬಳೆ, ಮೂಗುತಿ ಬಿಚ್ಚಿ ಕೊಟ್ಟರು. ಕೊರಳಲ್ಲಿದ್ದ ಇಷ್ಟಲಿಂಗಕ್ಕೆ ಮಾತ್ರ ಕೈ ಅಡ್ಡ ಹಿಡಿದರು.

"ಜೀವ ಇರೋತನಕ ಲಿಂಗ ಮೈ ಬಿಡಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ಇಷ್ಟು ಊರು ಯಾಕ ತಿರುಗಿದ್ವಿರಿ ಅತ್ತಿ? ನಡೀರಿ ಮನಿಗೆ!" ಅಂದೆ. ಹೊರಗೆ ಕೂತವರೆಲ್ಲ ತಿರುಗಿ ನೋಡಿದರು.

ಅತ್ತೆ ದನಿ ತಗ್ಗಿಸಿದರು. "ಪೂಜಾ ಮಾಡಾಗ ಲಿಂಗ ಎಡ ಅಂಗೈಯಾಗ ನಿಂದ್ರವಲ್ದು ಬೇ. ಎರಡು ಸರ್ತಿ ಕೆಳಗ ಬಿದ್ದದ. ಯಾರಿಗೂ ಹೇಳಿಲ್ಲ."

ಲಿಂಗ ಕೆಳಗೆ ಬಿದ್ದರೆ ಬದುಕಬಾರದು ಅಂತ ನಂಬಿದ ಹಿರಿಯರ ಮನೆಯಲ್ಲಿ ಬೆಳೆದವರು ಅವರು. ರೊಟ್ಟಿ ತಟ್ಟಲು ಕೈ ಬಾರದ್ದಕ್ಕಲ್ಲ, ಇದಕ್ಕಾಗಿ ಅವರು ಬಾಯಿಮುಚ್ಚಿಕೊಂಡು ಊರೂರು ಸುತ್ತಿದ್ದರು. ಅವರು ಕೊನೆಗೆ ಲಿಂಗ ತೆಗೆದು ನನ್ನ ಎಡಗೈಯಲ್ಲಿಟ್ಟರು. "ಕೆಳಗ ಇಡಬ್ಯಾಡ" ಅಂದರು. ಅವರು ಹೊರಗೆ ಬರುವ ತನಕ ನಾನು ಕೈ ಚಾಚಿಕೊಂಡೇ ಕೂತೆ. ಮೂಗು ತುರಿಸಿದರೂ ಅಲುಗಲಿಲ್ಲ.

ಚಿತ್ರ ನೋಡಿದ ಡಾಕ್ಟರು, ಕುತ್ತಿಗೆಯಲ್ಲಿ ನರ ಒತ್ತಿಕೊಂಡು ತುಂಬಾ ದಿನ ಆಗಿದೆ, ಆಪರೇಷನ್ ಮಾಡಿದರೆ ಇನ್ನಷ್ಟು ಕೆಡುವುದು ನಿಲ್ಲಬಹುದು, ಹೋದ ಸ್ಪರ್ಶ ಮರಳುತ್ತದೆಂದು ಹೇಳಲಾರೆ ಅಂದರು. ಅತ್ತೆ ಕೊರಳ ಲಿಂಗವನ್ನು ಸೆರಗಿನೊಳಗೆ ಸೇರಿಸಿಕೊಂಡು ಎದ್ದರು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ನನ್ನನ್ನು ಕರೆದರು. ನನ್ನ ಅಂಗೈಯನ್ನು ತಮ್ಮ ಅಂಗೈ ಕೆಳಗೆ ಆನಿಸಿಕೊಂಡು, ಅದರ ಮೇಲೆ ಲಿಂಗ ಇಟ್ಟುಕೊಂಡರು. ಒಲೆಯ ಮೇಲೆ ಹಂಚು ಕಾಯುತ್ತಿತ್ತು.

"ನನಗ ಸಾಕಾಗ್ಯಾದ್ರಿ ಅತ್ತಿ" ಅಂದೆ.

"ನನಗೂ ಸಾಕಾಗ್ಯಾದ ಬೇ" ಅಂದರು.

ಇಬ್ಬರೂ ಕೈ ತೆಗೆಯಲಿಲ್ಲ.