ಬಿಲ್ಲೆ ಮಾರುತ್ತಿದ್ದ ಧಣಿಗಳು

ನಮ್ಮ ಧಣಿಗಳ ಮೂಗು ಎಡಕ್ಕೆ ವಾಲಿತ್ತು. ಮುಂಬಯಿಯ ಹೋಟೆಲಿನಲ್ಲಿದ್ದಾಗ ಯಾರೋ ಸೋಡಾ ಬಾಟಲಿಯಿಂದ ಕೊಟ್ಟ ಪೆಟ್ಟಂತೆ. ಸಿಟ್ಟು ಬರುವ ಮೊದಲು ಆ ಮೂಗಿನ ತುದಿ ಕೆಂಪಾಗುತ್ತಿತ್ತು. ಅದನ್ನು ಕಂಡದ್ದೇ ನಾನು ಮೇಜಿನ ಮೇಲಿನ ಕತ್ತರಿ, ಸ್ಟೇಪ್ಲರ್, ಟೇಪಿನ ಉರುಳೆ ಎಲ್ಲವನ್ನೂ ಡ್ರಾಯರಿಗೆ ತುಂಬಿಬಿಡುತ್ತಿದ್ದೆ. ಇಲ್ಲದಿದ್ದರೆ ಅವು ಗೋಡೆಗೆ ಹೋಗುತ್ತಿದ್ದವು, ಒಮ್ಮೊಮ್ಮೆ ಮನುಷ್ಯರಿಗೂ.

ಕುಂದಾಪುರದಲ್ಲಿ ಒಂದು ಸ್ಟೇಷನರಿ ಅಂಗಡಿಯ ಮಾಳಿಗೆಯ ಕೋಣೆಯೇ ಅವರ ಕಂಪೆನಿ. ಅಂತರ್ಜಾಲದಲ್ಲಿ ನೋಡಿದವರು ಮಾತ್ರ ಏಳಂತಸ್ತಿನ ಕಟ್ಟಡ ಇರಬೇಕು ಎಂದುಕೊಳ್ಳಬೇಕು, ವೆಬ್‌ಸೈಟು ಹಾಗಿತ್ತು. ಮಾರುತ್ತಿದ್ದದ್ದು ಆರ್‌ಎಫ್‌ಐಡಿ ಸಾಮಾನು. ದನದ ಕಿವಿಗೆ, ಬಟ್ಟೆಯ ಗಂಟಿಗೆ, ಗೋದಾಮಿನ ಪೆಟ್ಟಿಗೆಗೆ ಕಟ್ಟುವ ಸಣ್ಣ ಬಿಲ್ಲೆಗಳು ಮತ್ತು ಬಿಲ್ಲೆಯೊಳಗಿನ ನಂಬರು ಓದುವ, ಬರೆಯುವ ಕೈಯಂತ್ರ. ಹತ್ತಿರ ಹಿಡಿದರೆ ಬೀಪ್ ಎಂದು ನಂಬರು ತೋರಿಸುತ್ತದೆ, ಅಷ್ಟೇ. ಸೂರತ್ತಿನಿಂದಲೋ ಕೊಯಮತ್ತೂರಿನಿಂದಲೋ ಫೋನು ಬಂದು ‘ಟೆಕ್ನಿಕಲ್ ಡಿಪಾರ್ಟ್‌ಮೆಂಟಿಗೆ ಕೊಡಿ’ ಎಂದರೆ ಧಣಿಗಳು ‘ಒಂದು ನಿಮಿಷ’ ಎಂದು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಇಟ್ಟುಕೊಂಡು, ದನಿ ದಪ್ಪ ಮಾಡಿ ಮಾತಾಡುತ್ತಿದ್ದರು. ಪಾರ್ಸೆಲ್ ಕಟ್ಟುತ್ತ ಕೂತ ನಾನು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದೆ.

ಆದರೆ ಕೈ ಮಾತ್ರ ಕೆಟ್ಟದ್ದು. ಕೊರಿಯರಿನವನು ಒಮ್ಮೆ ಯಂತ್ರದ ಪೆಟ್ಟಿಗೆಯನ್ನು ಮೆಟ್ಟಿಲಿನಿಂದ ಕೆಳಕ್ಕೆ ಉರುಳಿಸಿದ. ಧಣಿಗಳು ಓಡಿಹೋಗಿ ಅವನ ಕುತ್ತಿಗೆಪಟ್ಟಿ ಹಿಡಿದು ಮೆಟ್ಟಿಲ ಬದಿಯ ಕಟಾಂಜನಕ್ಕೆ ಒತ್ತಿದರು. ಅವನ ಕಣ್ಣುಗುಡ್ಡೆ ಹೊರಗೆ ಬಂದಿತ್ತು. ನಾನು ಕಿರುಚಿದ ಮೇಲೆ ಬಿಟ್ಟರು. ಮರುಗಳಿಗೆಯಲ್ಲೇ ಕೆಳಗಿನ ಹೋಟೆಲಿಗೆ ಹೇಳಿ ಅವನಿಗೆ ಚಾ, ಬನ್ಸ್ ತರಿಸಿದರು. ಪೆಟ್ಟು ತಿಂದವರಿಗೆ ಚಾ ತರಿಸುವುದು ಅವರ ಕ್ರಮ. ‘ಚಾ ಕುಡಿದ್ರೆ ನೋವ್ ಹೋತಾ ಧಣಿಗಳೇ?’ ಎಂದು ಕೇಳಿದ್ದೆ. ‘ಹೊಡಿಯೂಕೆ ಶುರು ಮಾಡಿರೆ ಕೈ ನಿಲ್ತಿಲ್ಲೆ ಹೆಣೆ. ನಂಗೊತ್ತಿತ್ ಅದ್’ ಎಂದರು. ನನಗೆ ಆ ಉತ್ತರ ಚೂರೂ ಹಿಡಿಸಲಿಲ್ಲ.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತು ಹತ್ತಿರ ಬಂದರೆ ನಮ್ಮ ಕಡೆ ಎಲ್ಲರಿಗೂ ಅವಸರ. ಆ ವರ್ಷ ಒಬ್ಬ ಬೋಟಿನ ಮಾಲೀಕ ತನ್ನ ಬಲೆಗಳಿಗೆ ಕಟ್ಟಲು ಒಂದು ಕಟ್ಟು ಬಿಲ್ಲೆ, ಒಂದು ಯಂತ್ರ ಒಯ್ದ. ಕಾರ್ಖಾನೆಯಿಂದ ಬರುವಾಗ ಆ ಜಾತಿಯ ಎಲ್ಲ ಬಿಲ್ಲೆಗಳಲ್ಲೂ ಇರುವುದು ಒಂದೇ ನಂಬರು. ಒಂದೊಂದಕ್ಕೂ ಬೇರೆ ನಂಬರು ಯಂತ್ರದಿಂದ ನಾವೇ ಬರೆಯಬೇಕು. ಬರೆದು ಕೊಡುತ್ತೇನೆ, ನಾಳೆ ಬನ್ನಿ ಎಂದರು ಧಣಿಗಳು. ‘ನಾಳಿಕ್ಕೆ ಪೂಜಿ, ನಾಡಿದ್ದ್ ಬೋಟ್ ಹೋತ್ತ್. ನಾವೇ ಬರ್ಕಂತೊ’ ಎಂದು ಮಾಲೀಕ ಹೊತ್ತುಕೊಂಡು ಹೋದ. ಬರೆಯಲಿಲ್ಲ, ಹಾಗೆಯೇ ಕಟ್ಟಿದ. ಅದೇ ಬಂದರಿನಲ್ಲಿ ಹರಿದ ಬಲೆ ಸರಿ ಮಾಡುವ ನನ್ನ ತಮ್ಮನೂ, ಯಾರ ಬಲೆ ಯಾವುದೆಂದು ಗುರುತಿಗೆ ಇರಲಿ ಎಂದು, ನಮ್ಮಲ್ಲಿಂದಲೇ ಅದೇ ಬಿಲ್ಲೆ ಒಯ್ದಿದ್ದ. ಅವನಿಗೂ ಅದೇ ಅವಸರ, ನಂಬರು ಬರೆಸಿಕೊಂಡಿರಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಆ ಮಾಲೀಕನ ಫೋನು ಬಂತು. ಸ್ಪೀಕರಿನಲ್ಲಿ ಅವನ ದನಿ ಖುಷಿಯಲ್ಲಿತ್ತು. ‘ಹ್ವಾಯ್, ನಿಮ್ ಯಂತ್ರ ಕಳ್ಳನ್ನ ಹಿಡ್ಕೊಡ್ತ್ ಮಾರಾಯ್ರೆ! ಬಲೆ ಒಂದ್ ಕಾಣೆ ಆಯಿತ್ತ್. ಬಲೆ ಕಟ್ಟುವವ್ನ ಶೆಡ್ಡಗೆ ಯಂತ್ರ ಹಿಡ್ದ್ ಕಂಡ್ರೆ ನಮ್ದೇ ನಂಬ್ರ. ಬಂದ್ ಕಾಣಿ, ಅವ್ನನ್ನ ಮರಕ್ಕೆ ಕಟ್ಟಿದ್ದೊ.’ ಅವನ ಮಾತಿನ ಹಿಂದೆ ಯಾರೋ ಬೊಬ್ಬೆ ಹೊಡೆಯುತ್ತಿದ್ದರು. ಅದು ನನ್ನ ತಮ್ಮನ ದನಿ.

ಧಣಿಗಳ ಸ್ಕೂಟರಿನ ಹಿಂದೆ ಕೂತು ಬಂದರಿಗೆ ಹೇಗೆ ಹೋದೆನೋ ಗೊತ್ತಿಲ್ಲ. ತಮ್ಮನನ್ನು ತೆಂಗಿನ ಮರಕ್ಕೆ ಬಲೆಯ ಹಗ್ಗದಿಂದ ಬಿಗಿದಿದ್ದರು. ಬಾಯಿಂದ ರಕ್ತ ಇಳಿದು ಎದೆಯೆಲ್ಲ ಒದ್ದೆ. ಒಬ್ಬ ಒದ್ದೆ ಹಗ್ಗದಿಂದ ಬಾರಿಸುತ್ತಿದ್ದ, ಇನ್ನೊಬ್ಬ ಮೊಣಕಾಲಿಗೆ ಒದೆಯುತ್ತಿದ್ದ. ಬಲಗೈ ಮೊಣಕೈಯಲ್ಲಿ ತಿರುಚಿ ನೇತಾಡುತ್ತಿತ್ತು. ಮೀನು ಹೊರುವ ಬುಟ್ಟಿ ಕೆಳಗಿಟ್ಟ ಹೆಂಗಸರೂ ಬಗ್ಗಿ ನೆಲದ ಹೊಯಿಗೆ ಬಾಚಿ ಅವನ ಮೇಲೆ ಎಸೆಯುತ್ತಿದ್ದರು. ಎಷ್ಟೋ ಜನ ನಮ್ಮ ಗುರುತಿನವರೇ. ಅವರ ಮುಖಗಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಧಣಿಗಳು ಜನರನ್ನು ಮೊಣಕೈಯಿಂದ ತಿವಿಯುತ್ತ ಒಳಗೆ ನುಗ್ಗಿದರು. ‘ಬಿಡಿ ಅವ್ನ! ಕಳ್ಳ ಯಾರಂತ ಈ ಯಂತ್ರ ಹೇಳ್ತಿಲ್ಲೆ!’

‘ನಿಮ್ದೇ ಯಂತ್ರ ಅಲ್ದಾ? ಈಗ ಎಂತ ಮಾತ್ ತಿರ್ಗ್ಸ್ತ್ರಿ?’ ಎಂದ ಮಾಲೀಕ.

ಧಣಿಗಳು ಚೀಲದಿಂದ ಹೊಸ ಬಿಲ್ಲೆಯ ಕಟ್ಟು ತೆಗೆದು ಹಲ್ಲಿನಲ್ಲಿ ಹರಿದರು. ಒಂದನ್ನು ಮಾಲೀಕನ ಅಂಗಿಯ ಜೇಬಿಗೆ ತುರುಕಿ, ಅವನ ಕೈಯಿಂದ ಯಂತ್ರ ಕಿತ್ತು ಅವನ ಎದೆಗೇ ಒತ್ತಿದರು. ಬೀಪ್. ಅದೇ ನಂಬರು. ಹಗ್ಗ ಹಿಡಿದವನ ಕಿಸೆಗೆ ಇನ್ನೊಂದು. ಬೀಪ್. ಅದೇ ನಂಬರು. ‘ಓದಿ ಕಾಣಿ! ಇವ್ನನ್ನೂ ಕಟ್ಟಿ, ಇವ್ನನ್ನೂ ಕಟ್ಟಿ! ಮರ ಸಾಕಾತಿಲ್ಲೆ ನಿಮ್ಗೆ!’

ಹತ್ತಿರದವರು ಓದಿದರು, ಕೈ ಇಳಿಸಿದರು. ಆದರೆ ಹಿಂದಿನಿಂದ ಆಗಷ್ಟೇ ಓಡಿ ಬಂದ ಒಬ್ಬನಿಗೆ ಇದ್ಯಾವುದೂ ಗೊತ್ತಿಲ್ಲ. ದೋಣಿಯ ಹುಟ್ಟು ಎತ್ತಿ ತಮ್ಮನ ತಲೆಗೆ ಬೀಸಿದ. ಧಣಿಗಳು ಅಡ್ಡ ಬಂದರು. ಪೆಟ್ಟು ಅವರ ಎಡಗಣ್ಣಿನ ಮೇಲೆ ಬಿತ್ತು. ಆ ಶಬ್ದ ಬರೆಯಲಾರೆ.

ಅವರು ಬೀಳಲಿಲ್ಲ. ಮುಖದ ಅರ್ಧ ರಕ್ತವಾಗಿದ್ದರೂ ಹುಟ್ಟನ್ನು ಅವನ ಕೈಯಿಂದ ಸೆಳೆದುಕೊಂಡರು. ಕೊಲ್ಲುತ್ತಾರೆ ಎಂದುಕೊಂಡೆ. ಕೊಲ್ಲಲಿ ಎಂದೇ ಬಯಸಿದೆ, ಸುಳ್ಳು ಯಾಕೆ ಹೇಳಲಿ. ಅವರ ತೋಳು ಮೇಲೆದ್ದದ್ದನ್ನು ಎಲ್ಲರೂ ಕಂಡರು. ಅದು ಅಲ್ಲೇ ನಿಂತಿತು. ಆಮೇಲೆ ಹುಟ್ಟನ್ನು ಕೆಳಗೆ ಎಸೆದು, ಕಣ್ಣು ಕಾಣದೆ ತಡವರಿಸುತ್ತ ತಮ್ಮನ ಗಂಟು ಬಿಚ್ಚತೊಡಗಿದರು. ಕಳೆದುಹೋದ ಬಲೆ ಆಮೇಲೆ ಆ ಮಾಲೀಕನದೇ ಇನ್ನೊಂದು ಬೋಟಿನಲ್ಲಿ ಸಿಕ್ಕಿತು.

ಎಡಗಣ್ಣು ಹೋಯಿತು. ಆಸ್ಪತ್ರೆಯಿಂದ ಬಂದವರು ಮೊದಲು ಮಾಡಿದ ಕೆಲಸವೆಂದರೆ ವೆಬ್‌ಸೈಟಿನ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದು: ‘ಈ ಯಂತ್ರ ಬಿಲ್ಲೆಯ ನಂಬರು ಓದುತ್ತದೆ. ಕದ್ದವರು ಯಾರೆಂದು ಇದಕ್ಕೆ ತಿಳಿಯದು. ಇದನ್ನು ನಂಬಿ ಯಾರಿಗೂ ಹೊಡೆಯಬೇಡಿ.’ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿದರು. ಸೂರತ್ತಿನವರು ಫೋನು ಮಾಡಿ ನಕ್ಕರು. ಅಂದಿನಿಂದ ನಂಬರು ಬರೆಯದ ಒಂದು ಬಿಲ್ಲೆಯೂ ನಮ್ಮ ಮೆಟ್ಟಿಲು ಇಳಿಯಲಿಲ್ಲ. ಅವಸರದವರನ್ನು ಬೈದು ಕಳಿಸುತ್ತಿದ್ದರು. ಬೈಗಳು ಕಡಿಮೆಯಾಗಲಿಲ್ಲ, ಆದರೆ ಮತ್ತೆ ಯಾರ ಮೈಮೇಲೂ ಕೈಮಾಡಿದ್ದು ನಾನು ಕಂಡಿಲ್ಲ.

ಒಂದು ದಿನ ಮನಸ್ಸು ತಡೆಯದೆ ಹೇಳಿದೆ, ‘ನನ್ ತಮ್ಮ ಕದ್ದಿಲ್ಲೆ ಅಂತ ನೀವ್ ನಂಬ್ದ್ರಿ ಅಲ್ದಾ, ಅದೇ ದೊಡ್ಡದ್.’

‘ನಂಗೆಂತ ಗೊತ್ತ್?’ ಎಂದರು ಧಣಿಗಳು, ಬಿಲ್ಲೆಯಿಂದ ತಲೆ ಎತ್ತದೆ. ‘ಕದ್ದಿದ್ರೂ ಬತ್ತಿದ್ದೆ.’

ನನಗೆ ಮೈ ಉರಿಯಿತು. ಎರಡು ದಿನ ಮಾತು ಬಿಟ್ಟೆ.

ಕೆಲವು ವರ್ಷಗಳ ಮೇಲೆ ಧಣಿಗಳು ಮಾಳಿಗೆಯ ಆ ಕೋಣೆಯಲ್ಲೇ ಕುರ್ಚಿಯಲ್ಲಿ ಕೂತಿದ್ದಾಗ ಎದೆನೋವು ಬಂದು ತೀರಿಹೋದರು. ಸುಡುವ ಜಾಗದಲ್ಲಿ ನನ್ನ ತಮ್ಮ ತನ್ನ ಸೊಟ್ಟ ಕೈಯಲ್ಲೇ ಕಟ್ಟಿಗೆ ಒಟ್ಟಿದ. ಮನೆಗೆ ಬಂದ ಮೇಲೆ ಅವನಿಗೆ, ಕದ್ದಿದ್ದರೂ ಬರುತ್ತಿದ್ದೆ ಎಂದ ಧಣಿಗಳ ಆ ಮಾತು ಹೇಳಿದೆ.

‘ಅಕ್ಕ, ಆಸ್ಪತ್ರೆಗೆ ಬಂದವ್ರೆಲ್ಲ, ನಮ್ಮನ್ ಹೆತ್ತ ಅಬ್ಬಿ ಸಮೇತ, ಕದ್ದಿದ್ಯಾ ಅಂತ ಒಂದ್ಸಲ ಕೇಂಡ್ರ್’ ಎಂದ. ‘ಅವ್ರೊಬ್ರೇ ಕೇಣ್ಲಿಲ್ಲೆ.’